‘ಹಿಂದಿನ ಸಂಬಳ ಎಷ್ಟು?’ – ಈ ಪ್ರಶ್ನೆ ನಮಗೆ ಬೇಕೇ?

ಕೆಲಸ ಕೇಳಿಕೊಂಡು ಬಂದವರನ್ನು ಕ್ಯಾಷ್ ಕೌಂಟರಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಯಾವ ಊರು? ಇದುವರೆಗೆ ಎಲ್ಲಿದ್ದೆ? ಅಲ್ಲಿ ಎಷ್ಟು ಕೊಡುತ್ತಿದ್ದರು? ದೋಸೆ ಬರುತ್ತದೆಯೇ, ಚೈನೀಸ್ ಬರುತ್ತದೆಯೇ ಎಂಬುದು ಎಷ್ಟೋ ಸಲ ನಾಲ್ಕನೆಯ ಪ್ರಶ್ನೆಯಾಗುತ್ತದೆ. ಮೂರನೆಯ ಪ್ರಶ್ನೆಗೆ ಬಂದ ಉತ್ತರಕ್ಕೆ ಸಾವಿರವೋ ಸಾವಿರದೈನೂರೋ ಸೇರಿಸಿ ‘ನಾಳೆಯಿಂದ ಬಾ’ ಎಂದು ಹೇಳಿಬಿಡುವುದು ನಮ್ಮ ಉದ್ಯಮದಲ್ಲಿ ಬಹು ಕಾಲದಿಂದ ನಡೆದುಬಂದ ಪದ್ಧತಿ.

ಈ ಪದ್ಧತಿ ಸರಿಯೇ, ಕೆಲಸಕ್ಕೆ ಬಂದವರು ತಮ್ಮ ಹಿಂದಿನ ಸಂಬಳವನ್ನು ನಮಗೆ ಹೇಳಲೇಬೇಕೇ, ಹೇಳಿದರೂ ಅದರಿಂದ ನಮಗೆ ಪ್ರಯೋಜನವೇನು ಎಂಬ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ಹೊರದೇಶಗಳಲ್ಲಿ ಕಾನೂನಿನ ಮಟ್ಟಕ್ಕೇ ಹೋಗಿದೆ. ನಮ್ಮಲ್ಲಿಯೂ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ವಿಷಯ ನಮ್ಮ ಅಡುಗೆಮನೆಯ ಬಾಗಿಲಿಗೂ ಬಂದು ನಿಂತಿದೆ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಹೋಟೆಲ್ ಉದ್ಯಮದಲ್ಲಿ ಹಿಂದಿನ ಸಂಬಳ ಎಂಬುದು ದಾರಿ ತಪ್ಪಿಸುವ ಅಂಕಿ. ಅದನ್ನು ಕೇಳಿ ಸಂಬಳ ನಿಗದಿ ಮಾಡುವುದರಿಂದ ಕಾರ್ಮಿಕರಿಗೆ ಎಷ್ಟು ನಷ್ಟವೋ ಮಾಲೀಕರಾದ ನಮಗೂ ಅದಕ್ಕಿಂತ ಕಡಿಮೆಯೇನೂ ನಷ್ಟವಾಗುತ್ತಿಲ್ಲ.

ಒಂದು ಅಂಕಿ, ಹಲವು ಅರ್ಥ

ಸದಸ್ಯ ಬಾಂಧವರಿಗೆ ತಿಳಿದಿರುವಂತೆ ಬಾಲಾನಗರದಲ್ಲಿ ನಮಗೆ ಕೆಲಸಗಾರರು ಎರಡು ಕಡೆಯಿಂದ ಬರುತ್ತಾರೆ. ಒಂದು, ಬೇರೆ ಹೋಟೆಲುಗಳಿಂದ. ಇನ್ನೊಂದು, ಇಲ್ಲಿನ ಕಾರ್ಖಾನೆಗಳ ಕ್ಯಾಂಟೀನುಗಳಿಂದ. ಈ ಎರಡು ಕಡೆಯ ಸಂಬಳದ ಅಂಕಿಗಳನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟು ಹೋಲಿಸುವುದೆಂದರೆ ಸೇರಿನಲ್ಲಿ ಅಳೆದ ಅಕ್ಕಿಗೂ ಕಿಲೋದಲ್ಲಿ ತೂಗಿದ ಅಕ್ಕಿಗೂ ಬೆಲೆ ಕಟ್ಟಿದ ಹಾಗೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಬ್ಬ ದೋಸೆ ಭಟ್ಟರು ಕ್ಯಾಂಟೀನ್ ಗುತ್ತಿಗೆದಾರರ ಬಳಿ ತಿಂಗಳಿಗೆ 20,000 ರೂ. ಪಡೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪಿ.ಎಫ್. ಅನ್ನು 15,000 ರೂ. ಮಿತಿಗೆ ಕಟ್ಟಿದರೆ ಅವರ ಪಾಲು ಶೇ. 12ರಂತೆ 1,800 ರೂ. ಇ.ಎಸ್.ಐ. ಶೇ. 0.75ರಂತೆ 150 ರೂ. ತೆಲಂಗಾಣದ ವೃತ್ತಿ ತೆರಿಗೆ 150 ರೂ. ಕೈಗೆ ಬರುವುದು 17,900 ರೂ. ಅದರಲ್ಲಿ ಅವರು ರೂಮಿನ ಬಾಡಿಗೆಯ ಪಾಲು ಕೊಡಬೇಕು, ರಾತ್ರಿಯ ಊಟ ನೋಡಿಕೊಳ್ಳಬೇಕು. ಅದಕ್ಕೆ 5,000 ರೂ. ಹೋಯಿತೆಂದರೆ ಊರಿಗೆ ಕಳಿಸಲು ಉಳಿಯುವುದು 12,900 ರೂ.

ಇನ್ನೊಬ್ಬ ದೋಸೆ ಭಟ್ಟರು ಹೋಟೆಲಿನಲ್ಲಿದ್ದಾರೆ. ಸಂಬಳ 17,000 ರೂ. ಕಡಿತವಿಲ್ಲ. ಎರಡು ಹೊತ್ತು ಊಟ, ತಿಂಡಿ, ಕಾಫಿ, ಮಲಗಲು ಮಹಡಿಯ ಮೇಲೆ ರೂಮು ಎಲ್ಲವೂ ಮಾಲೀಕರದ್ದೇ. ಆ 17,000ವೂ ಹೆಚ್ಚು ಕಡಿಮೆ ಹಾಗೆಯೇ ಊರಿಗೆ ಹೋಗಬಹುದು. ಹಾಗಾದರೆ ಹೋಟೆಲಿನವರೇ ಮೇಲಲ್ಲವೇ ಎನ್ನುತ್ತೀರಿ. ಆದರೆ ಕ್ಯಾಂಟೀನಿನವರು ದಿನಕ್ಕೆ 8 ಗಂಟೆಯಂತೆ 26 ದಿನ, ಅಂದರೆ 208 ಗಂಟೆ ದುಡಿಯುತ್ತಾರೆ. ಹೋಟೆಲಿನವರು ಬೆಳಗಿನ ಐದೂವರೆಗೆ ಕಲ್ಲು ಕಾಯಿಸಿ, ಮಧ್ಯಾಹ್ನ ಒಂದಿಷ್ಟು ಅಡ್ಡಾಗಿ, ರಾತ್ರಿ ಹತ್ತರವರೆಗೆ ನಿಂತರೆ ದಿನಕ್ಕೆ 11 ಗಂಟೆ, ತಿಂಗಳಿಗೆ 28 ದಿನ, ಒಟ್ಟು 308 ಗಂಟೆ. ಗಂಟೆಯ ಲೆಕ್ಕದಲ್ಲಿ ಮೊದಲನೆಯವರಿಗೆ ಕೈಗೆ ಬರುವ ಹಣವೇ 86 ರೂ. ಮೀರುತ್ತದೆ, ಎರಡನೆಯವರಿಗೆ 55 ರೂ. ಆಸುಪಾಸು. ಮೊದಲನೆಯವರ ಪಿ.ಎಫ್. ಖಾತೆಯಲ್ಲಿ ಅವರದೂ ಮಾಲೀಕರದೂ ಸೇರಿ ಪ್ರತಿ ತಿಂಗಳು ಬೀಳುವ ಹಣ ಬೇರೆ. (ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ದರದಲ್ಲಿ ಓವರ್‌ಟೈಮ್ ಕೊಡಬೇಕೆಂದು ಕಾನೂನಿದೆ, ಈ 308 ಗಂಟೆಯ ಲೆಕ್ಕ ಅದರ ಎದುರು ನಿಲ್ಲುವುದಿಲ್ಲ. ಆ ವಿಷಯವನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.)

ಈಗ ಇಬ್ಬರೂ ನಿಮ್ಮ ಕೌಂಟರಿನ ಮುಂದೆ ಬಂದು ನಿಂತಿದ್ದಾರೆ. ‘ಎಷ್ಟು ಕೊಡುತ್ತಿದ್ದರು?’ ಎಂದು ಕೇಳಿದಿರಿ. ಒಬ್ಬರು ಇಪ್ಪತ್ತು ಎಂದರು, ಇನ್ನೊಬ್ಬರು ಹದಿನೇಳು ಎಂದರು. ನೀವು ಮನಸ್ಸಿನಲ್ಲಿ ಮೊದಲನೆಯವರನ್ನು ದುಬಾರಿ ಎಂದೂ ಎರಡನೆಯವರನ್ನು ಅಗ್ಗ ಎಂದೂ ಬರೆದುಕೊಂಡಿರಿ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ನಿಮಗೆ ಸಿಕ್ಕಿದ್ದು ತಪ್ಪು ಮಾಹಿತಿ. ಮೇಲಾಗಿ, ಇಬ್ಬರಲ್ಲಿ ಯಾರ ದೋಸೆ ಕಲ್ಲಿನಿಂದ ಸರಿಯಾಗಿ ಏಳುತ್ತದೆ ಎಂಬುದು ಇನ್ನೂ ನಿಮಗೆ ಗೊತ್ತಿಲ್ಲ.

ಇದಿಷ್ಟೇ ಅಲ್ಲ. ಸಪ್ಲೈಯರ್‌ಗಳ ಸಂಬಳದ ಹಿಂದೆ ಟಿಪ್ಸ್ ಇದೆ. ಎ.ಸಿ. ರೂಮಿನ ಟೇಬಲ್ ನೋಡುವವರಿಗೂ ಸೆಲ್ಫ್ ಸರ್ವಿಸ್‌ನಲ್ಲಿ ಪ್ಲೇಟ್ ಎತ್ತುವವರಿಗೂ ಸಂಬಳ ಒಂದೇ ಇದ್ದರೂ ಸಂಪಾದನೆ ಒಂದಲ್ಲ. ಕೇಟರಿಂಗ್ ಕಡೆಯವರಿಗೆ ಮದುವೆ ತಿಂಗಳಲ್ಲಿ ಬಟ್ಟೆ, ಖಾಲಿ ತಿಂಗಳಲ್ಲಿ ಬರಿಗೈ. ಕೆಲವರ ಸಂಬಳದಲ್ಲಿ ಮುಂಗಡದ ವಸೂಲಿ ಹೋಗುತ್ತಿರುತ್ತದೆ. ಅವರು ಹೇಳುವ ಅಂಕಿ ವಸೂಲಿಗೆ ಮುಂಚಿನದೋ ನಂತರದ್ದೋ ಎಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ. ಕೆಲವು ಕಡೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಬಸ್ ಚಾರ್ಜು, ದೀಪಾವಳಿಗೆ ಬಟ್ಟೆಬರೆ. ಇವೆಲ್ಲವೂ ‘ಎಷ್ಟು ಕೊಡುತ್ತಿದ್ದರು’ ಎಂಬ ಪ್ರಶ್ನೆಗೆ ಬರುವ ಒಂದೇ ಅಂಕಿಯಲ್ಲಿ ಅಡಗಿ ಕುಳಿತಿರುತ್ತವೆ, ಅಥವಾ ಬಿಟ್ಟುಹೋಗಿರುತ್ತವೆ.

ಒಂದೇ ರೂಮಿನ ಹುಡುಗರು

ನಮ್ಮ ಹಿರಿಯರಲ್ಲಿ ಹೆಚ್ಚಿನವರು ಕರಾವಳಿಯ ಹಳ್ಳಿಗಳಿಂದ ಬರಿಗೈಯಲ್ಲಿ ಹೊರಟು ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದಲೇ ಆರಂಭಿಸಿದವರು. 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕಡಂದಲೆಯ ಕೆ. ಕೃಷ್ಣರಾಯರೂ ಇತರರ ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಅವರ ಮೊದಲ ಸಂಬಳವನ್ನೇ ಆಧಾರವಾಗಿಟ್ಟುಕೊಂಡು ಯಾರಾದರೂ ಅವರ ಯೋಗ್ಯತೆಯನ್ನು ಅಳೆದಿದ್ದರೆ ಲೆಕ್ಕ ಎಲ್ಲಿಗೆ ಬರುತ್ತಿತ್ತು ಎಂದು ಊಹಿಸಿ.

ಈಗ ಕರಾವಳಿಯ ಹುಡುಗರು ಹೋಟೆಲ್ ಕೆಲಸಕ್ಕೆ ಬರುವುದು ಅಪರೂಪ. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಬರುತ್ತಾರೆ. ಒಡಿಶಾ, ಬಿಹಾರ, ಜಾರ್ಖಂಡ್, ಬಂಗಾಳದಿಂದ ಬರುತ್ತಾರೆ. ಊರಿನ ಸಣ್ಣ ಹೋಟೆಲಿನಲ್ಲಿ ಕಡಿಮೆ ಸಂಬಳಕ್ಕೆ ಎರಡು ವರ್ಷ ಕೆಲಸ ಕಲಿತು ಬಂದ ಹುಡುಗನಿಗೆ 12,000 ರೂ. ಇತ್ತು ಎಂದುಕೊಳ್ಳೋಣ. ಅಮೀರ್‌ಪೇಟೆಯ ಹೋಟೆಲಿನಿಂದ ಬಂದವನಿಗೆ 16,000 ರೂ. ಇತ್ತು. ಇಬ್ಬರೂ ಸಪ್ಲೈಯರ್‌ಗಳು, ಕೆಲಸದಲ್ಲಿ ಸಮ. ಇಬ್ಬರಿಗೂ ಹಿಂದಿನ ಸಂಬಳದ ಮೇಲೆ ಶೇ. 10 ಹೆಚ್ಚು ಕೊಟ್ಟು ಸೇರಿಸಿಕೊಂಡಿರಿ. ಒಬ್ಬನಿಗೆ 13,200, ಇನ್ನೊಬ್ಬನಿಗೆ 17,600. ನಾಲ್ಕು ಸಾವಿರವಿದ್ದ ಅಂತರ ನಿಮ್ಮಲ್ಲಿ ನಾಲ್ಕು ಸಾವಿರದ ನಾನೂರಾಯಿತು. ಮುಂದಿನ ಹೋಟೆಲಿನವರೂ ಇದೇ ಪ್ರಶ್ನೆ ಕೇಳಿ ಇದೇ ಲೆಕ್ಕ ಹಾಕಿದರೆ ಅದು ಇನ್ನೂ ಹಿಗ್ಗುತ್ತದೆ. ಆ ಹುಡುಗ ಹುಟ್ಟಿದ ಊರಿನ ಕೂಲಿ ದರ ಅವನ ಬೆನ್ನಿಗಂಟಿಕೊಂಡು ಊರಿಂದೂರಿಗೆ ಬರುತ್ತದೆ.

ನಾವು ಮರೆಯುವುದೇನೆಂದರೆ, ಆ ಇಬ್ಬರು ಹುಡುಗರು ಮಲಗುವುದು ಒಂದೇ ರೂಮಿನಲ್ಲಿ, ಪಕ್ಕಪಕ್ಕದ ಚಾಪೆಯಲ್ಲಿ. ದೊಡ್ಡ ಕಂಪನಿಗಳಲ್ಲಿ ಸಂಬಳ ಗುಟ್ಟಾಗಿ ಉಳಿಯಬಹುದೇನೋ, ಹೋಟೆಲಿನ ರೂಮಿನಲ್ಲಿ ಮೊದಲ ಸಂಬಳದ ರಾತ್ರಿಯೇ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ. 13,200ರ ಹುಡುಗ ಜಗಳ ಮಾಡುವುದಿಲ್ಲ. ‘ಊರಲ್ಲಿ ಅಜ್ಜಿಗೆ ಹುಷಾರಿಲ್ಲ’ ಎಂದು ಹೇಳಿ ಭಾನುವಾರದ ಹಿಂದಿನ ದಿನ ಹೊರಟುಬಿಡುತ್ತಾನೆ. ನಮ್ಮ ಸದಸ್ಯರಲ್ಲಿ ಈ ಅಜ್ಜಿಯ ಕಥೆ ಕೇಳದವರು ಯಾರಿದ್ದಾರೆ!

ತಿಂಗಳಿಗೆ ಎರಡು ಸಾವಿರ ಉಳಿಸಿದೆವೆಂದು ನಾವು ಸಮಾಧಾನಪಟ್ಟುಕೊಳ್ಳುವುದು ಒಂದು ಕಡೆ. ಅವನು ಹೋದ ಮೇಲೆ ದಿನಗೂಲಿಗೆ ಬೇರೆಯವರನ್ನು ಕರೆಸುವುದು, ಹೊಸಬನಿಗೆ ಟೇಬಲ್ ನಂಬರು, ಮೆನು, ಗಿರಾಕಿಗಳ ಅಭ್ಯಾಸ ಕಲಿಸುವುದು, ಅಷ್ಟರಲ್ಲಿ ಬೇಸರಗೊಂಡು ಎದುರಿನ ಹೋಟೆಲಿಗೆ ಹೋದ ಗಿರಾಕಿ, ಇವು ಇನ್ನೊಂದು ಕಡೆ. ಈ ಎರಡನೆಯ ಲೆಕ್ಕವನ್ನು ನಾವು ಯಾವ ಪುಸ್ತಕದಲ್ಲೂ ಬರೆದಿಡುವುದಿಲ್ಲವಾದ್ದರಿಂದ ಅದು ಖರ್ಚೆಂದು ಕಾಣುವುದಿಲ್ಲ. ಬಾಲಾನಗರಕ್ಕೆ 2017ರಲ್ಲಿ ಮೆಟ್ರೋ ಬಂತು, 2021ರಲ್ಲಿ ಫ್ಲೈಓವರ್ ಆಯಿತು. ಗಿರಾಕಿಗೆ ಅನುಕೂಲವಾದ ಹಾಗೆ ಕೆಲಸಗಾರರಿಗೂ ಆಗಿದೆ. ಮಿಯಾಪುರದಿಂದ ಅಮೀರ್‌ಪೇಟೆಯವರೆಗೆ ಯಾವ ಹೋಟೆಲಿನಲ್ಲಿ ಎಷ್ಟು ಎಂದು ಒಂದು ಮಧ್ಯಾಹ್ನದ ಬಿಡುವಿನಲ್ಲಿ ವಿಚಾರಿಸಿಕೊಂಡು ಬರಬಹುದು.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಹಿಂದಿನ ಸಂಬಳ ಕೇಳಬಾರದು ಎಂಬ ಕಾನೂನಿಲ್ಲ. ಹಾಗೆಯೇ, ಖಾಸಗಿ ಕೆಲಸಕ್ಕೆ ಬಂದವರು ಹೇಳಲೇಬೇಕು ಎಂಬ ಕಾನೂನೂ ಇಲ್ಲ. ಕೇಳಿದರೆ ‘ಅದು ಬೇಡ ಸ್ವಾಮಿ, ಇಲ್ಲಿ ಈ ಕೆಲಸಕ್ಕೆ ಎಷ್ಟು ಹೇಳಿ’ ಎನ್ನುವುದು ಅವರ ಹಕ್ಕು. ಅದನ್ನು ಉದ್ಧಟತನ ಎಂದು ತಿಳಿಯುವ ಕಾರಣವಿಲ್ಲ. ನಾವು ತರಕಾರಿ ಮಂಡಿಯಲ್ಲಿ ‘ನೀನು ರೈತನಿಂದ ಎಷ್ಟಕ್ಕೆ ತಂದೆ’ ಎಂದು ಕೇಳಿದರೆ ವ್ಯಾಪಾರಿ ನಗುತ್ತಾನೆ, ಅಷ್ಟೇ.

ಪಿ.ಎಫ್.ಗೆ ಬೇಕಲ್ಲ ಎಂದು ಕೆಲವರು ಹೇಳುತ್ತಾರೆ. ಹೊಸ ನೌಕರರು ಸೇರುವಾಗ ತುಂಬುವ ಫಾರಂ 11ರಲ್ಲಿ ಅವರು ಹಿಂದೆ ಪಿ.ಎಫ್. ಸದಸ್ಯರಾಗಿದ್ದರೇ, ಯು.ಎ.ಎನ್. ಸಂಖ್ಯೆ ಏನು, ಹಿಂದಿನ ಕೆಲಸ ಬಿಟ್ಟ ದಿನಾಂಕ ಯಾವುದು ಎಂಬ ವಿವರಗಳಿವೆ. ಹಿಂದಿನ ಸಂಬಳದ ಅಂಕಣವೇ ಇಲ್ಲ. ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳ ವೇತನ ಕಾಣುತ್ತದೆ ನಿಜ, ಆದರೆ ಅದನ್ನು ತೆರೆಯುವುದು ನೌಕರರ ಪಾಸ್‌ವರ್ಡ್‌ನಿಂದ. ‘ನಿನ್ನ ಫೋನಿನಲ್ಲಿ ಪಾಸ್‌ಬುಕ್ ತೆಗೆದು ತೋರಿಸು’ ಎನ್ನುವುದು ಬ್ಯಾಂಕ್ ಖಾತೆ ತೋರಿಸು ಎಂದ ಹಾಗೆಯೇ. ಇನ್ನು ದೊಡ್ಡ ಸಂಬಳದ ಷೆಫ್‌ಗಳು, ಮ್ಯಾನೇಜರುಗಳು ವರ್ಷದ ನಡುವೆ ಕೆಲಸ ಬದಲಿಸಿದಾಗ ಆದಾಯ ತೆರಿಗೆ ಕಡಿತದ ಲೆಕ್ಕಕ್ಕಾಗಿ ಹಿಂದಿನ ಸಂಬಳದ ವಿವರ ಕೊಡಬಹುದು. ಅದು ಕೆಲಸಕ್ಕೆ ಸೇರಿದ ನಂತರದ ವ್ಯವಹಾರ, ಸಂಬಳ ನಿಗದಿಗೂ ಅದಕ್ಕೂ ಸಂಬಂಧವಿಲ್ಲ.

ಹೊಸ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕು, ವೇತನ ಚೀಟಿ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಅಂದರೆ ಇನ್ನು ಮುಂದೆ ಬರುವವರ ಕೈಯಲ್ಲಿ ಚೀಟಿ ಇರುತ್ತದೆ, ‘ತೋರಿಸು’ ಎನ್ನುವ ಆಸೆ ನಮಗೂ ಹೆಚ್ಚುತ್ತದೆ. ಆದರೆ ಆ ಚೀಟಿಯಲ್ಲೂ ಪೂರ್ತಿ ಚಿತ್ರ ಇರುವುದಿಲ್ಲ. ವೇತನ ಸಂಹಿತೆಯ ವ್ಯಾಖ್ಯೆಯಲ್ಲಿ ಮಾಲೀಕರು ಕೊಟ್ಟ ವಸತಿ, ದೀಪ, ನೀರಿನ ಬೆಲೆ ವೇತನಕ್ಕೆ ಸೇರುವುದಿಲ್ಲ. ವೇತನದ ಬದಲಿಗೆ ವಸ್ತುರೂಪದಲ್ಲಿ ಕೊಟ್ಟದ್ದನ್ನೂ ಒಟ್ಟು ವೇತನದ ಶೇ. 15ರವರೆಗೆ ಮಾತ್ರ ವೇತನವೆಂದು ಪರಿಗಣಿಸಬಹುದು. ಹೀಗಾಗಿ ಅಪ್ಪಟ ಕಾನೂನುಬದ್ಧ ಚೀಟಿಯೂ ನಮ್ಮ ದೋಸೆ ಭಟ್ಟರ ರೂಮನ್ನೂ ಪೂರ್ತಿ ಊಟವನ್ನೂ ತೋರಿಸುವುದಿಲ್ಲ.

ಮಹಿಳೆಯರ ವಿಷಯದಲ್ಲಿ ಮಾಲೀಕರು ವಿಶೇಷ ಎಚ್ಚರ ವಹಿಸಬೇಕು. ತರಕಾರಿ ಹೆಚ್ಚಲು, ಚಪಾತಿ ಲಟ್ಟಿಸಲು, ಪಾತ್ರೆ ತೊಳೆಯಲು ಬರುವ ಹೆಂಗಸರು ಹೆಚ್ಚಾಗಿ ಮನೆಗೆಲಸದಿಂದಲೋ ಲೇಡೀಸ್ ಹಾಸ್ಟೆಲಿನಿಂದಲೋ ಬಂದಿರುತ್ತಾರೆ. ಹಿಂದಿನ ಸಂಬಳ ಕೇಳಿದರೆ ಅದು ಕಡಿಮೆಯೇ ಇರುತ್ತದೆ. ಅದನ್ನೇ ಆಧಾರ ಮಾಡಿಕೊಂಡರೆ, ಪಕ್ಕದಲ್ಲಿ ನಿಂತು ಅದೇ ಚಪಾತಿ ಲಟ್ಟಿಸುವ ಗಂಡಸಿಗಿಂತ ಅವರಿಗೆ ಕಡಿಮೆ ಬೀಳುತ್ತದೆ. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದದಿಂದ ವೇತನದಲ್ಲಿ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ವೇತನ ಸಂಹಿತೆಯ ಮೂರನೇ ಕಲಮೂ ಅದನ್ನೇ ಹೇಳುತ್ತದೆ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ‘ಅವಳಿಗೆ ಹಿಂದೆ ಅಷ್ಟೇ ಇತ್ತು ಸಾರ್’ ಎಂಬ ಸಮಾಧಾನ ಎಷ್ಟು ದೂರ ನಡೆದೀತು?

ಅಮೆರಿಕದಲ್ಲಿ ಇದೇ ಸಮಾಧಾನ ನ್ಯಾಯಾಲಯದ ಮೆಟ್ಟಿಲೇರಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಜಿಲ್ಲೆಯ ಶಿಕ್ಷಣ ಕಚೇರಿಯಲ್ಲಿ ಹೊಸಬರಿಗೆ ಹಿಂದಿನ ಸಂಬಳದ ಮೇಲೆ ಶೇ. 5 ಸೇರಿಸಿ ಸಂಬಳ ನಿಗದಿ ಮಾಡುವ ನಿಯಮವಿತ್ತು. ನಮ್ಮ ಕೌಂಟರಿನ ಲೆಕ್ಕವೇ, ಸ್ವಲ್ಪ ಜಿಪುಣತನದ್ದು ಅಷ್ಟೇ. 2009ರಲ್ಲಿ ಅಲ್ಲಿ ಸೇರಿದ ಗಣಿತ ಶಿಕ್ಷಣ ಸಲಹೆಗಾರ್ತಿ ಐಲೀನ್ ರಿಜೋ ಅವರಿಗೆ, ತನಗಿಂತ ನಂತರ ಸೇರಿದ ಗಂಡಸಿಗೆ ಹೆಚ್ಚು ಸಂಬಳವಿದೆ ಎಂದು 2012ರಲ್ಲಿ ಊಟದ ಹೊತ್ತಿನ ಮಾತಿನಲ್ಲಿ ತಿಳಿಯಿತು. ಕೊನೆಗೆ 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಹೆಣ್ಣಿಗೆ ಕಡಿಮೆ ಕೊಟ್ಟದ್ದಕ್ಕೆ ಹಿಂದಿನ ಸಂಬಳವನ್ನು ಸಮರ್ಥನೆಯಾಗಿ ತೋರಿಸಲಾಗದು ಎಂದು ತೀರ್ಪಿತ್ತಿತು. ಮ್ಯಾಸಚೂಸೆಟ್ಸ್ ರಾಜ್ಯ ಸಂಬಳ ನಿಗದಿಗೆ ಮುಂಚೆ ಈ ಪ್ರಶ್ನೆಯನ್ನೇ ಕೇಳಕೂಡದೆಂದು 2016ರಲ್ಲಿ ಕಾನೂನು ಮಾಡಿ 2018ರ ಜುಲೈ 1ರಿಂದ ಜಾರಿಗೆ ತಂದಿತು. ನ್ಯೂಯಾರ್ಕ್ ನಗರ 2017ರ ಅಕ್ಟೋಬರ್ 31ರಿಂದ, ಕ್ಯಾಲಿಫೋರ್ನಿಯಾ 2018ರ ಜನವರಿ 1ರಿಂದ ಇದೇ ದಾರಿ ಹಿಡಿದವು. ಯುರೋಪ್ ಒಕ್ಕೂಟವೂ 2023ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿ, ಸದಸ್ಯ ದೇಶಗಳು ಕಾನೂನು ಮಾಡಿಕೊಳ್ಳಲು 2026ರ ಜೂನ್ 7ರ ಗಡುವು ಕೊಟ್ಟಿತು.

ಇದರ ಪರಿಣಾಮವನ್ನು ಬಾಸ್ಟನ್ ವಿಶ್ವವಿದ್ಯಾಲಯದ ಜೇಮ್ಸ್ ಬೆಸ್ಸೆನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ನಿಷೇಧವಿದ್ದ ಕಡೆ ಕೆಲಸ ಬದಲಿಸಿದವರ ಸಂಬಳ ಇತರ ಕಡೆಗಿಂತ ಶೇ. 5ರಿಂದ 6ರಷ್ಟು, ಮಹಿಳೆಯರಿಗೆ ಶೇ. 8ರಷ್ಟು ಹೆಚ್ಚಾಗಿತ್ತು. ಜಾಹೀರಾತಿನಲ್ಲೇ ಸಂಬಳ ಮುದ್ರಿಸುವ ಮಾಲೀಕರ ಸಂಖ್ಯೆಯೂ ಏರಿತ್ತು. ನಮಗೆ ಇನ್ನೂ ಕುತೂಹಲದ್ದೆನಿಸಿದ್ದು ಬರಾಕ್ ಮತ್ತು ಹಾರ್ಟನ್ ಎಂಬ ಇಬ್ಬರು ಸಂಶೋಧಕರ ಪ್ರಯೋಗ. ಅಂತರ್ಜಾಲದ ಮೂಲಕ ಕೆಲಸಗಾರರನ್ನು ಹಿಡಿಯುವ ಒಂದು ವ್ಯವಸ್ಥೆಯಲ್ಲಿ ಅವರು ಕೆಲವು ಮಾಲೀಕರಿಗೆ ಅರ್ಜಿದಾರರ ಹಿಂದಿನ ಕೂಲಿ ಕಾಣದಂತೆ ಮಾಡಿದರು. ಹಾಗೆ ಕಾಣದಿದ್ದ ಮಾಲೀಕರು ಹೆಚ್ಚು ಜನರನ್ನು ಮಾತನಾಡಿಸಿದರು, ಹೆಚ್ಚು ವಿಚಾರಿಸಿದರು, ಹಿಂದೆ ಕಡಿಮೆ ಕೂಲಿ ಪಡೆದವರನ್ನು ಆರಿಸಿಕೊಂಡರು. ಅಂದರೆ ಹಳೆಯ ಅಂಕಿ ಕಣ್ಣೆದುರಿಗಿದ್ದಾಗ ನಾವು ನೋಡದೆ ದಾಟಿಸಿಬಿಡುವ ಒಳ್ಳೆಯ ಕೆಲಸಗಾರರು ಇದ್ದೇ ಇರುತ್ತಾರೆ.

ಮಾಲೀಕರ ಆಕ್ಷೇಪಗಳು

‘ಸಂಬಳದ ಬಿಲ್ಲು ಏರುತ್ತದೆ’ ಎಂಬ ಆಕ್ಷೇಪ ಸುಳ್ಳಲ್ಲ. ಮೇಲಿನ ಅಮೆರಿಕದ ಅಂಕಿಗಳೂ ಅದನ್ನೇ ಹೇಳುತ್ತವೆ. ಹಿಂದೆ ಕಡಿಮೆ ಪಡೆಯುತ್ತಿದ್ದವರಿಗೆ ನಾವು ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಆದರೆ ಆ ಹೆಚ್ಚಿಗೆಯನ್ನು ಈಗಲೂ ನಾವು ಕೊಡುತ್ತಲೇ ಇದ್ದೇವೆ, ಕೊಡುತ್ತಿರುವುದು ಬದಲಿ ಆಳುಗಳಿಗೆ ಮತ್ತು ಏಜೆಂಟರ ಕಮಿಷನ್ನಿಗೆ.

‘ಕೇಳದಿದ್ದರೆ ಅವನ ಯೋಗ್ಯತೆ ತಿಳಿಯುವುದು ಹೇಗೆ?’ ಎಂಬುದು ಇನ್ನೊಂದು. ಅಡುಗೆಯವರ ಯೋಗ್ಯತೆ ತಿಳಿಯಲು ನಮಗಿರುವ ಸೌಕರ್ಯ ಬೇರೆ ಯಾವ ಉದ್ಯಮಕ್ಕೂ ಇಲ್ಲ. ಒಂದು ಹೊತ್ತು ಕಲ್ಲಿನ ಮುಂದೆ ನಿಲ್ಲಿಸಿ. ಹಿಟ್ಟು ಮುಟ್ಟಿ ನೋಡುತ್ತಾರೆಯೇ, ಕಲ್ಲಿನ ಕಾವು ಇಳಿಸಲು ನೀರು ಚಿಮುಕಿಸುತ್ತಾರೆಯೇ, ಹತ್ತು ಆರ್ಡರ್ ಒಟ್ಟಿಗೆ ಬಂದಾಗ ಕೈ ನಡುಗುತ್ತದೆಯೇ, ಕೆಲಸ ಮುಗಿದ ಮೇಲೆ ಕಲ್ಲು ಒರೆಸಿಟ್ಟರೇ. ಅರ್ಧ ದಿನದಲ್ಲಿ ಎಲ್ಲವೂ ತಿಳಿಯುತ್ತದೆ. ಆ ಅರ್ಧ ದಿನದ ಕೂಲಿಯನ್ನು ತಪ್ಪದೆ ಕೊಡಿ. ಟ್ರಯಲ್ ಹೆಸರಿನಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರ ಹೆಸರು ಬಹಳ ಬೇಗ ಹರಡುತ್ತದೆ. ಕ್ಯಾಷಿಯರ್ ಆದರೆ ಒಂದು ಶಿಫ್ಟಿನ ಲೆಕ್ಕ ಹೊಂದಿಸಲು ಕೊಡಿ, ಸ್ಟೋರ್ ನೋಡುವವರಾದರೆ ಇಂಡೆಂಟ್ ಬರೆಸಿ.

ಸುಳ್ಳಿನ ಮಾತೂ ಬರುತ್ತದೆ. ಹದಿನಾಲ್ಕು ಇದ್ದವರು ಹದಿನೆಂಟು ಎನ್ನುತ್ತಾರೆ ಎಂಬ ದೂರು ಎಲ್ಲೆಲ್ಲೂ ಇದೆ. ನಾವು ಹಿಂದಿನ ಅಂಕಿಗೆ ಬೆಲೆ ಕೊಡುವವರೆಗೂ ಆ ಸುಳ್ಳಿಗೆ ಲಾಭವಿದ್ದೇ ಇರುತ್ತದೆ. ಹಾಗೆಂದು ಸುಳ್ಳು ಹೇಳಬಹುದೆಂದು ನಾವು ಕೆಲಸಗಾರರಿಗೆ ಹೇಳುತ್ತಿಲ್ಲ. ಹೇಳದೆ ಇರುವುದು ಬೇರೆ, ನಕಲಿ ಚೀಟಿ ತರುವುದು ಬೇರೆ. ಎರಡನೆಯದು ಅಪರಾಧ, ಕೆಲಸ ಹೋಗಲು ಅದೊಂದೇ ಸಾಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬ ಮಾಲೀಕರು ಮಾತ್ರ ಕೇಳುವುದನ್ನು ನಿಲ್ಲಿಸಿದರೆ ಸಾಲದು, ಹೇಳದವರ ಮೌನಕ್ಕೆ ಅರ್ಥ ಹಚ್ಚುವುದನ್ನೂ ನಿಲ್ಲಿಸಬೇಕು. ಒಳ್ಳೆಯ ಸಂಬಳ ಇದ್ದವರು ತಾವಾಗಿಯೇ ಹೇಳಿಕೊಳ್ಳುತ್ತಾರೆ. ಆಗ ಸುಮ್ಮನಿರುವವರಿಗೆ ಕಡಿಮೆಯೇ ಇದ್ದಿರಬೇಕು ಎಂದು ನಾವು ಊಹಿಸಿಬಿಡುತ್ತೇವೆ, ಕೇಳಿದ್ದಕ್ಕೂ ಕೇಳದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಇದಕ್ಕೆ ಇರುವ ಒಂದೇ ಉಪಾಯವೆಂದರೆ ಮಾತುಕತೆಗೆ ಮೊದಲೇ ನಮ್ಮ ಅಂಕಿಯನ್ನು ನಾವು ಹೇಳಿಬಿಡುವುದು.

ಇದೇನೂ ಬಾಲಾನಗರಕ್ಕೆ ಹೊಸದಲ್ಲ. 1961ರಲ್ಲಿ ಸ್ಥಾಪನೆಯಾದ ಐ.ಡಿ.ಪಿ.ಎಲ್., ಇಂದಿಗೂ ಇಲ್ಲಿರುವ ಎಚ್.ಎ.ಎಲ್. ಮುಂತಾದ ಸರ್ಕಾರಿ ಉದ್ಯಮಗಳಲ್ಲಿ ಹುದ್ದೆಗೆ ಇಂತಿಷ್ಟು ಎಂಬ ವೇತನ ಶ್ರೇಣಿ ಮೊದಲೇ ಗೊತ್ತಿರುತ್ತಿತ್ತು. ಬೇರೆ ಸರ್ಕಾರಿ ಕಡೆಯಿಂದ ಬಂದವರನ್ನು ಅಂತಿಮ ವೇತನ ಪ್ರಮಾಣಪತ್ರ ಕೇಳುತ್ತಿದ್ದದ್ದುಂಟು, ಆದರೆ ಅದು ಅವರ ಸಂಬಳ ಇಳಿಯದಂತೆ ಕಾಯುವುದಕ್ಕೆ. ನಮ್ಮ ಮೊದಲ ತಲೆಮಾರಿನ ಹೋಟೆಲುಗಳು ಬದುಕಿದ್ದೇ ಆ ವೇತನ ಶ್ರೇಣಿಯ ಜನ ತಿಂಗಳ ಮೊದಲ ವಾರದಲ್ಲಿ ತಿಂದ ಮಸಾಲೆ ದೋಸೆಯಿಂದ. ಐ.ಡಿ.ಪಿ.ಎಲ್. ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು, ಅದು ಬೇರೆ ಕಥೆ.

ಇಂದು ಪೈಪೋಟಿ ಬೇರೆ ದಿಕ್ಕಿನಿಂದಲೂ ಬರಲಿದೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ಬೇಕೆಂದಿತ್ತು. ಹೊಸ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರೂ ಸೇರಿ 100 ಜನರಿದ್ದರೆ ಸಾಕು. ಸಣ್ಣ ಕಾರ್ಖಾನೆಗಳೇ ತುಂಬಿರುವ ನಮ್ಮ ಈ ಭಾಗದಲ್ಲಿ ಅಡುಗೆಯವರಿಗೆ ಎಂಟು ಗಂಟೆಯ ಕೆಲಸ, ಭಾನುವಾರದ ರಜೆ ಕೊಡುವ ಜಾಗಗಳು ಹೆಚ್ಚಾಗಲಿವೆ. ಅಲ್ಲಿಂದ ಒಬ್ಬ ಒಳ್ಳೆಯ ಕೈಯನ್ನು ನಮ್ಮ ಕಡೆ ಸೆಳೆಯಬೇಕಾದರೆ ಅವರ ಹಳೆಯ ಚೀಟಿ ನೋಡಿ ಪ್ರಯೋಜನವಿಲ್ಲ. ನಮ್ಮಲ್ಲಿ ರೂಮು, ಊಟ, ರಜೆ, ಗಂಟೆ ಎಲ್ಲ ಸೇರಿ ಏನು ಸಿಗುತ್ತದೆ ಎಂದು ಬಿಡಿಸಿ ಹೇಳಬೇಕು.

ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಎಷ್ಟು ಜನರ ಅಡುಗೆ ನಿಭಾಯಿಸಿದ್ದೀರಿ, ಬೆಳಗಿನ ಪಾಳಿ ಆಗುತ್ತದೆಯೇ, ರೂಮು ಬೇಕೇ, ಹಿಂದಿನವರ ಮುಂಗಡ ಬಾಕಿ ಇದೆಯೇ, ನೀವು ಎಷ್ಟು ನಿರೀಕ್ಷಿಸುತ್ತೀರಿ. ಈ ಕೊನೆಯದು ಹಿಂದಿನ ಸಂಬಳದ ಪ್ರಶ್ನೆಯಲ್ಲ, ಅದನ್ನು ಧಾರಾಳವಾಗಿ ಕೇಳಬಹುದು. ಹಿಂದಿನ ಮಾಲೀಕರಿಗೆ ಫೋನು ಮಾಡಿ ನಡತೆ, ಕೆಲಸ, ಕೈ ಶುದ್ಧಿ ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ರೂಢಿ. ಅದೇ ಫೋನಿನಲ್ಲಿ ‘ಎಷ್ಟು ಕೊಡುತ್ತಿದ್ದಿರಿ’ ಎಂದು ಕೇಳುವುದನ್ನೂ, ಕೇಳಿದವರಿಗೆ ಹೇಳುವುದನ್ನೂ ಬಿಡೋಣ. ಅವರೇ ಮುಂದಾಗಿ ಹೇಳಿದರೆ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ, ಊಟ ರೂಮು ಸೇರಿಯೋ ಬಿಟ್ಟೋ, ಎಷ್ಟು ಗಂಟೆಗೆ ಎಂದು ಕೇಳಿಕೊಂಡರಾಯಿತು.

ಮೊದಲ ಹೆಜ್ಜೆಯಾಗಿ ಬಾಗಿಲಿಗೆ ಅಂಟಿಸುವ ಬೋರ್ಡನ್ನು ಬದಲಿಸಬಹುದು. ‘ದೋಸೆ ಭಟ್ಟರು ಬೇಕಾಗಿದ್ದಾರೆ, ಸಂಬಳ ಅನುಭವಕ್ಕೆ ತಕ್ಕಂತೆ’ ಎಂಬುದರ ಬದಲು ‘ದೋಸೆ ಭಟ್ಟರು ಬೇಕಾಗಿದ್ದಾರೆ. ಸಂಬಳ ಇಷ್ಟರಿಂದ ಇಷ್ಟು. ಊಟ, ರೂಮು ಇದೆ. ಪಿ.ಎಫ್., ಇ.ಎಸ್.ಐ. ಇದೆ. ಕೆಲಸ ಇಷ್ಟು ಗಂಟೆ, ವಾರಕ್ಕೆ ಒಂದು ರಜೆ’ ಎಂದು ಬರೆಯಿರಿ. ಎರಡು ಅಂಕಿಗಳ ನಡುವಿನ ಅಂತರ ಎರಡು ಸಾವಿರಕ್ಕಿಂತ ಹೆಚ್ಚಿರದಿರಲಿ, ಇಲ್ಲವಾದರೆ ಬೋರ್ಡಿಗೂ ‘ಅನುಭವಕ್ಕೆ ತಕ್ಕಂತೆ’ ಎಂಬುದಕ್ಕೂ ಭೇದ ಉಳಿಯದು. ಕೆಳಗಿನ ಅಂಕಿ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ. ಬಂದವರು ಹಿಂದೆ ಎಷ್ಟೇ ಪಡೆದಿರಲಿ ಈ ಮಾತು ಬದಲಾಗುವುದಿಲ್ಲ. ಈಗಾಗಲೇ ಒಳಗಿರುವ ಹಳೆಯ ನೌಕರರ ಸಂಬಳ ಬೋರ್ಡಿನ ಅಂಕಿಗಿಂತ ಕೆಳಗಿದ್ದರೆ ಬೋರ್ಡು ಅಂಟಿಸುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ಅದನ್ನು ಮೊದಲು ಓದುವವರು ಅವರೇ. ಕನ್ನಡದ ಜೊತೆಗೆ ತೆಲುಗು ಮತ್ತು ಹಿಂದಿಯಲ್ಲಿಯೂ ಬರೆಸಿ. ತೆಲಂಗಾಣದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪರಿಷ್ಕರಣೆಯಾಗುತ್ತ ಬಂದಿರುವುದರಿಂದ ಬೋರ್ಡಿನ ಅಂಕಿಗಳನ್ನೂ ಅದೇ ಹೊತ್ತಿಗೆ ತಿದ್ದುವುದು ಅನುಕೂಲ.